ಕರೆಂಟ್ ಖಾತೆ ಕಾರ್ಡಿನ ವಂಚನೆ: ದಿನದ ಲೆಕ್ಕ ಹಿಡಿದು ಹಣ ವಾಪಸ್ ಪಡೆದದ್ದು

ಅಂಗಡಿಯ ಕರೆಂಟ್ ಖಾತೆಯ ಡೆಬಿಟ್ ಕಾರ್ಡಿನಲ್ಲಿ ನಾವು ಮಾಡದ ಖರ್ಚು ಬಿದ್ದಿತ್ತು. ಹಣ ವಾಪಸ್ ಬಂತು. ಕೈಹಿಡಿದದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ನಮ್ಮದೂ ಬ್ಯಾಂಕಿನದೂ ಅಲ್ಲದಿದ್ದಾಗ, ಆ ಖರ್ಚಿನ ಬಗ್ಗೆ ಬ್ಯಾಂಕಿನಿಂದ ಎಸ್‌ಎಂಎಸ್ ಬಂದ ದಿನ ಬಿಟ್ಟು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಪೂರ್ತಿ ಬ್ಯಾಂಕಿನದು. ರಜೆ ಲೆಕ್ಕಕ್ಕೆ ಖಾತೆಯಿರುವ ಶಾಖೆಯ ವೇಳಾಪಟ್ಟಿಯೇ ಆಧಾರ. ತಿಳಿಸಲು 4ರಿಂದ 7 ಕೆಲಸದ ದಿನವಾದರೆ ಸಣ್ಣ ಉದ್ದಿಮೆಯ ಖಾತೆಗೆ ಗರಿಷ್ಠ ₹10,000, ದೊಡ್ಡ ಕಂಪನಿಯದಕ್ಕೆ ₹25,000 ನಮ್ಮ ತಲೆಗೆ. ಹಾಗಾಗಿ ದೂರಿನ ಜತೆಗೇ ನಮ್ಮದು ಸಣ್ಣ ಉದ್ದಿಮೆ ಎಂದು ತೋರಿಸುವ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ.

ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ, ಸಮಯ ಬರೆದಿಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. 10 ಕೆಲಸದ ದಿನಗಳಲ್ಲಿ ಹಣ ತಾತ್ಕಾಲಿಕವಾಗಿ ಜಮಾ ಆಗಬೇಕು. ಒಟಿಪಿ ಹೇಳಿಬಿಟ್ಟಿದ್ದರೆ ಮಾತ್ರ, ತಿಳಿಸುವ ತನಕದ ನಷ್ಟ ನಮ್ಮದೇ. ಬಹಳಷ್ಟು ಕಡೆ ಎಡವಟ್ಟಾಗುವುದು ಎಸ್‌ಎಂಎಸ್ ಕೆಲಸ ಬಿಟ್ಟುಹೋದ ಗುಮಾಸ್ತರ ನಂಬರಿಗೆ ಹೋಗುವುದರಿಂದ; ಖಾತೆಗೆ ಕೊಟ್ಟಿರುವ ನಂಬರನ್ನು ಇವತ್ತೇ ಬದಲಿಸಿ.