ಹಳೆ ಯೂನಿಕ್ಸ್ ಮೆಷಿನ್ ಒಳಗೆ ಬಿಡದಿದ್ದರೆ

ದಾವಣಗೆರೆಯ ಮಂಡಿ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡುವ ಮೆಷಿನ್‌ಗಳನ್ನು ರಿಪೇರಿ ಮಾಡುತ್ತಿದ್ದೆ. ಒಂದು ಸರ್ವರ್, ಅದಕ್ಕೆ ಕೇಬಲ್ ಎಳೆದು ಕೂರಿಸಿದ ನಾಲ್ಕಾರು ಟರ್ಮಿನಲ್, ಅಂದರೆ ಪರದೆ ಮತ್ತು ಕೀಬೋರ್ಡ್. ಹಳೆ ಲೆಕ್ಕ ತೆಗೆಯಬೇಕಾದಾಗ ಈಗಲೂ ಯಾರಾದರೂ ಕರೆಯುತ್ತಾರೆ. ‘ಲಾಗಿನ್ ಇನ್‌ಕರೆಕ್ಟ್ ಅಂತಿದೆ ಸರ್, ಪಾಸ್‌ವರ್ಡ್ ಬದಲಿಸಿಕೊಡಿ’ ಅನ್ನುತ್ತಾರೆ. ದಯವಿಟ್ಟು ಅವಸರ ಬೇಡ. ಹೆಸರು ತಪ್ಪಿದರೂ ಪಾಸ್‌ವರ್ಡ್ ತಪ್ಪಿದರೂ ಮೆಷಿನ್ ಹೇಳುವುದು ಅದೊಂದೇ ಮಾತು.

ತೊಂದರೆ ಒಬ್ಬರಿಗೋ, ಒಂದೇ ಟರ್ಮಿನಲ್‌ಗೋ, ಎಲ್ಲರಿಗೋ? ಮೊದಲು ಇದನ್ನು ಕೇಳಿ.

ಒಂದೇ ಟರ್ಮಿನಲ್ ಆದರೆ ಕ್ಯಾಪ್ಸ್ ಲಾಕ್ ನೋಡಿ. ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹೊಡೆದರೆ ಹಳೆ ಯೂನಿಕ್ಸ್, ಈ ಟರ್ಮಿನಲ್‌ಗೆ ಸಣ್ಣಕ್ಷರವೇ ಇಲ್ಲ ಅಂದುಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಓದುತ್ತದೆ. ಕಂಟ್ರೋಲ್-ಡಿ ಒತ್ತಿ, ಹೊಸ ಲಾಗಿನ್ ಸಾಲು ಬಂದ ಮೇಲೆ ಸಣ್ಣಕ್ಷರದಲ್ಲಿ ಹೊಡೆಯಿರಿ. ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಅಥವಾ ಅಟ್ ಚಿಹ್ನೆ ಇದೆಯಾ ಅಂತಲೂ ವಿಚಾರಿಸಿ. ಹಲವು ಹಳೆ ಸಿಸ್ಟಮ್‌ಗಳಲ್ಲಿ ಲಾಗಿನ್ ಹೊತ್ತಿಗೆ ಹ್ಯಾಶ್ ಹಿಂದಿನ ಅಕ್ಷರ ಅಳಿಸುತ್ತದೆ, ಅಟ್ ಇಡೀ ಸಾಲನ್ನೇ ಅಳಿಸುತ್ತದೆ. ಪಾಸ್‌ವರ್ಡ್ ಸರಿಯಾಗೇ ಇರುತ್ತದೆ, ಮೆಷಿನ್‌ಗೆ ತಲುಪುವುದಿಲ್ಲ ಅಷ್ಟೇ.

ರೂಟ್ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಬಿಟ್ಟು ಯಾರಿಗೂ ಲಾಗಿನ್ ಆಗದಿದ್ದರೆ, ಸಿಸ್ಟಮ್ ಸೆಟ್ಟಿಂಗ್‌ಗಳಿರುವ ಇಟಿಸಿ (/etc) ಡೈರೆಕ್ಟರಿಯಲ್ಲಿ ‘ನೋಲಾಗಿನ್’ ಅನ್ನುವ ಫೈಲ್ ಉಳಿದಿದೆಯಾ ನೋಡಿ ತೆಗೆಯಿರಿ.

ತೊಂದರೆ ಒಬ್ಬರಿಗೆ ಮಾತ್ರ ಆದರೆ, ಎಲ್ಲ ಖಾತೆಗಳ ವಿವರ ಇರುವ ಪಾಸ್‌ವರ್ಡ್ ಫೈಲ್ ತೆರೆಯಬೇಕು. ಅದಕ್ಕೂ ಮುಂಚೆ ಕಾಪಿ ಮಾಡಿಡಿ. ಒಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಒಳಗೇ ಇರಿ, ಪರೀಕ್ಷೆ ಇನ್ನೊಂದರಲ್ಲಿ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಪ್ರತಿ ಸಾಲಿನಲ್ಲಿ 7 ಭಾಗ, ನಡುವೆ 6 ಕೋಲನ್: ಹೆಸರು, ಪಾಸ್‌ವರ್ಡ್, ಯೂಸರ್ ನಂಬರ್, ಗ್ರೂಪ್ ನಂಬರ್, ಪೂರ್ಣ ಹೆಸರು, ಹೋಮ್ ಡೈರೆಕ್ಟರಿ, ಶೆಲ್ (ಲಾಗಿನ್ ಆದ ಮೇಲೆ ಕಮಾಂಡ್ ತೆಗೆದುಕೊಳ್ಳುವ ಪ್ರೋಗ್ರಾಮ್). ಕೋಲನ್ ಎಣಿಸಿ. ಎರಡನೇ ಭಾಗದಲ್ಲಿ ಬರೀ ಎಕ್ಸ್ ಇದ್ದರೆ ಅಸಲಿ ಗುಟ್ಟು ಶ್ಯಾಡೋ ಅನ್ನುವ, ಸಾಮಾನ್ಯ ಬಳಕೆದಾರರು ಓದಲಾಗದ ಬೇರೆ ಫೈಲ್‌ನಲ್ಲಿದೆ. ನಕ್ಷತ್ರ ಇದ್ದರೆ, ಶ್ಯಾಡೋ ಇಲ್ಲದ ಕಡೆ, ಆ ಖಾತೆಗೆ ಬೀಗ ಬಿದ್ದಿದೆ. ಫ್ಲಾಪಿಯಲ್ಲಿ ಡಾಸ್ (ಹಳೆ ಪಿಸಿಗಳ ಆಪರೇಟಿಂಗ್ ಸಿಸ್ಟಮ್) ಮೆಷಿನ್‌ಗೆ ಹೋಗಿ ಬಂದ ಫೈಲ್ ಆದರೆ ಸಾಲಿನ ಕೊನೆಗೆ ಕಾಣದ ಕಂಟ್ರೋಲ್-ಎಂ ಅಂಟಿರುತ್ತದೆ. ಆಗ ಶೆಲ್ ಸಿಗುವುದಿಲ್ಲ. ‘ಕ್ಯಾಟ್ ಮೈನಸ್ ವಿ’ (cat -v) ಕಮಾಂಡ್ ಕೊಟ್ಟರೆ ಅದು ಕಾಣುತ್ತದೆ.

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಹೊಸದೇನಲ್ಲ, ಅಲ್ವಾ? ಪಾಸ್‌ವರ್ಡ್ ಬದಲಿಸುವಾಗಲೇ ಹೋದರೆ, ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವ ಲಾಕ್ ಫೈಲ್ ಹಾಗೇ ಉಳಿಯಬಹುದು. ಆಮೇಲೆ ‘ಫೈಲ್ ಬಿಜಿ’ ಅನ್ನುತ್ತದೆ. ಬೇರೆ ಯಾರೂ ಬದಲಿಸುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಅದನ್ನು ಅಳಿಸಿ. ಡಿಸ್ಕ್ ತುಂಬಿದ್ದರೂ ಹೊಸ ಪಾಸ್‌ವರ್ಡ್ ಕೂರುವುದಿಲ್ಲ. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ‘ಡಿಎಫ್’ (df) ಕಮಾಂಡ್ ಕೊಟ್ಟು ನೋಡಿ.

ರೂಟ್ ಪಾಸ್‌ವರ್ಡೇ ಮರೆತಿದ್ದರೆ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೈ ಹಾಕಿ. ಎಮರ್ಜೆನ್ಸಿ ಫ್ಲಾಪಿಯಿಂದ ಬೂಟ್ ಮಾಡಿ, ಹಾರ್ಡ್ ಡಿಸ್ಕನ್ನು ಮೌಂಟ್ ಮಾಡಿ (ಅದರ ಫೈಲ್‌ಗಳು ಸಿಗುವಂತೆ ಜೋಡಿಸಿ), ಅದರಲ್ಲಿರುವ ಪಾಸ್‌ವರ್ಡ್ ಫೈಲ್‌ನ ರೂಟ್ ಸಾಲಿನ ಎರಡನೇ ಭಾಗ ಖಾಲಿ ಮಾಡಿ. ಶ್ಯಾಡೋ ಇದ್ದರೆ ಅದರೊಳಗೆ. ಫ್ಲಾಪಿಯಲ್ಲೂ ಅದೇ ಹೆಸರಿನ ಫೈಲ್ ಇರುತ್ತದೆ, ಸುಮ್ನೆ ಅದನ್ನು ತಿದ್ದಿ ಕೂರುವವರೇ ಜಾಸ್ತಿ. ಎಸ್‌ಸಿಓ ಕಂಪನಿಯ ಯೂನಿಕ್ಸ್ ಆದರೆ ಟಿಸಿಬಿ (/tcb) ಅನ್ನುವ ಡೈರೆಕ್ಟರಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಫೈಲ್ ಇರುತ್ತದೆ, ಅದನ್ನೂ ನೋಡಬೇಕು. ಮತ್ತೆ ಬೂಟ್ ಮಾಡಿದ ತಕ್ಷಣ ರೂಟ್ ಆಗಿ ಒಳಹೊಕ್ಕು ಹೊಸ ಪಾಸ್‌ವರ್ಡ್ ಹಾಕಿ. ಅಲ್ಲಿಯವರೆಗೆ ಉಳಿದ ಟರ್ಮಿನಲ್‌ಗಳು ಆಫ್ ಆಗಿರಲಿ.