ಕೆಂಚ ಕೂಗಿದ್ದು ಊರಿನ ನೆನಪಿಗಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯ ಅಟ್ಟದಲ್ಲಿ ಹುಟ್ಟಿದ ಕೆಂಚನಿಗೆ ಹತ್ತು ತಿಂಗಳು ತುಂಬುವ ಹೊತ್ತಿಗೆ ನನಗೆ ಮೈಸೂರಿಗೆ ವರ್ಗವಾಯಿತು. ಅಂಗಳ, ಕೊಟ್ಟಿಗೆ, ಹಿತ್ತಿಲಿನಾಚೆಯ ಅಡಿಕೆ ತೋಟ ಎಲ್ಲವನ್ನೂ ತನ್ನದೇ ಎಂದುಕೊಂಡಿದ್ದ ಗಂಡು ಬೆಕ್ಕನ್ನು ಎರಡನೇ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆಗೆ ತಂದೆ. ಅವನನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ಮೊದಲ ನಾಲ್ಕು ದಿನ ಅವನು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಮೆಲ್ಲಗೆ ಬಂದು ಎರಡು ತುತ್ತು ತಿಂದು ಮತ್ತೆ ಒಳಗೆ ಸೇರಿಕೊಳ್ಳುತ್ತಿದ್ದ. ಬೆಕ್ಕಿಗೆ ಮನೆ ಎಂದರೆ ಗೋಡೆಯಲ್ಲ, ವಾಸನೆ. ಕಂಬಕ್ಕೆ, ಬಾಗಿಲ ಮೂಲೆಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜಿ ಅದು ತನ್ನ ವಾಸನೆಯನ್ನು ಹಚ್ಚಿರುತ್ತದೆ. ಹೊಸ ಮನೆಯಲ್ಲಿ ಇದ್ದದ್ದು ಬಣ್ಣದ ವಾಸನೆ, ಹಿಂದಿನ ಬಾಡಿಗೆದಾರರ ವಾಸನೆ, ಹಾಲುಕ್ಕಿಸಿದ ದಿನದ ಹೊಗೆ. ಹಾಗಾಗಿ ಅವನನ್ನು ಒಂದೇ ಕೋಣೆಯಲ್ಲಿ ಇಟ್ಟು, ಊರಿನಿಂದ ತಂದಿದ್ದ ಅವನ ಹಳೆಯ ಕಂಬಳಿಯನ್ನು ಒಗೆಯದೆ ಹಾಸಿದೆ. ಒಂದು ಮೆತ್ತನೆಯ ಹತ್ತಿಬಟ್ಟೆಯಿಂದ ಅವನ ಕೆನ್ನೆ ಸವರಿ, ಅದೇ ಬಟ್ಟೆಯನ್ನು ಮಂಚದ ಕಾಲಿಗೂ ಬಾಗಿಲ ಚೌಕಟ್ಟಿಗೂ ದಿನಕ್ಕೆರಡು ಸಲ ಉಜ್ಜಿದೆ. ವಾರ ಕಳೆಯುವುದರೊಳಗೆ ಬಾಲ ಎತ್ತಿಕೊಂಡು ಅಡುಗೆಮನೆಗೆ ಬಂದ. ಮೂರನೇ ವಾರಕ್ಕೆ ನನ್ನ ಕಾಲ ಬಳಿ ಮಲಗಿ ಗುರುಗುಟ್ಟತೊಡಗಿದ. ಮನೆ ಒಗ್ಗಿತು ಎಂದು ನೆಮ್ಮದಿಯಾಯಿತು.

ನಾಲ್ಕನೇ ವಾರ ಎಲ್ಲವೂ ತಿರುಗಿಬಿತ್ತು. ಬೆಳಗಿನ ಜಾವ ಮೂರಕ್ಕೆ ಎದ್ದು ಮುಂಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮುಂಬಾಗಿಲಿಗೆ, ಕಾಲು ಸುಟ್ಟ ಬೆಕ್ಕಿನಂತೆ ಎನ್ನುತ್ತೇವಲ್ಲ, ಅಕ್ಷರಶಃ ಹಾಗೆ ಓಡಾಡಿದ. ಹಸಿವಿನ ಮಿಯಾವ್ ಅಲ್ಲ, ಎಳೆ ಮಗು ಅತ್ತಂತೆ ಉದ್ದಕ್ಕೆ ಎಳೆದ ಕೂಗು. ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿ ವಾಸನೆ ಎಳೆದು, ಬಾಯಿ ಅರ್ಧ ತೆರೆದು, ಮೇಲ್ದುಟಿ ಮಡಚಿ ಒಂದು ಕ್ಷಣ ಕಲ್ಲಿನಂತೆ ನಿಲ್ಲುತ್ತಿದ್ದ. ಅಪ್ಪಯ್ಯ ಫೋನಿನಲ್ಲಿ, "ಪಾಪ, ಊರು ನೆನೆಸಿಕೊಳ್ಳುತ್ತಿದೆ. ತಂದು ಇಲ್ಲೇ ಬಿಟ್ಟುಬಿಡು" ಎಂದರು. ನನಗೂ ಹಾಗೆಯೇ ಅನ್ನಿಸಿ ಕರುಳು ಕಿವುಚಿತು.

ಆ ವಾರದಲ್ಲೇ ಒಂದು ಸಂಜೆ ನನ್ನ ಕಣ್ಣೆದುರೇ ಅವನು ಬಾಲ್ಕನಿ ಬಾಗಿಲಿಗೆ ಬೆನ್ನು ಮಾಡಿ ನಿಂತ. ಬಾಲ ನೆಟ್ಟಗೆ ಮೇಲೆ, ಅದರ ತುದಿ ಸಣ್ಣಗೆ ನಡುಗುತ್ತಿತ್ತು, ಹಿಂಗಾಲುಗಳು ನಿಂತಲ್ಲೇ ತುಳಿದಂತೆ ಆಡುತ್ತಿದ್ದವು. ಚೌಕಟ್ಟಿನ ಮೇಲೆ, ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿ, ಎಣ್ಣೆಯಂಥ ಒಂದು ಗೆರೆ ಇಳಿಯಿತು. ಆಮೇಲೆ ಮನೆಯಿಡೀ ಮೂಗು ಕಟ್ಟುವ ನಾತ. ಇದು ಮರಳಿನ ತಟ್ಟೆ ಇಷ್ಟವಾಗದೆ ಆಚೆ ಮಾಡಿದ ಮೂತ್ರವಲ್ಲ. ಹಾಗೆ ಮಾಡುವ ಬೆಕ್ಕು ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಮಾಡುತ್ತದೆ. ನಿಂತು ಗೋಡೆಗೆ ಸಿಡಿಸುವುದು ಗುರುತು ಹಾಕುವ ಕೆಲಸ. ತಿಳಿಯದೆ ನಾನು ಫಿನಾಯಿಲ್ ಹಾಕಿ ಉಜ್ಜಿದೆ. ಮರುದಿನ ಅಲ್ಲೇ ಎರಡು ಗೆರೆಗಳಿದ್ದವು. ಫಿನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ ಎಂಬುದನ್ನು ಪಶುವೈದ್ಯರು ಆಮೇಲೆ ಹೇಳಿದರು. ನೆಲದ ಮೇಲಿನದು ಅಂಗಾಲಿಗೆ ಅಂಟಿ, ಅಲ್ಲಿಂದ ನಾಲಗೆಗೆ ಹೋಗುತ್ತದೆ, ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಮನೆಯಲ್ಲಿದ್ದ ಆ ಬಾಟಲಿಯನ್ನು ಅಂದೇ ಹೊರಗೆ ಹಾಕಿದೆ. ಈಗ ಬೆಚ್ಚಗಿನ ನೀರಿನಿಂದ ಒರೆಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ ಹಾಕಿ ತಾನಾಗಿ ಒಣಗಲು ಬಿಡುತ್ತೇನೆ. ನಮ್ಮ ಮೂಗಿಗೆ ಹೋಯಿತೆನಿಸಿದ ವಾಸನೆ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ. ಕಿಣ್ವ ಅದನ್ನು ಬೇರಿನಿಂದ ಒಡೆಯುತ್ತದೆ.

ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಶಾಲೆಯ ಹಳೆಯ ಡೈರಿಯೊಂದರಲ್ಲಿ ದಿನವೂ ಬರೆದಿಟ್ಟದ್ದು. ಎಷ್ಟು ಹೊತ್ತಿಗೆ ಕೂಗಿದ, ಎಲ್ಲಿ ನಿಂತು ಕೂಗಿದ, ಎಲ್ಲಿ ಸಿಡಿಸಿದ, ಎಷ್ಟು ತಿಂದ. ಒಂದೂವರೆ ತಿಂಗಳಾದ ಮೇಲೆ ಪುಟ ತಿರುಗಿಸಿ ನೋಡಿದೆ. ಕೂಗು ಪ್ರತಿದಿನ ಇರಲಿಲ್ಲ. ಆರೇಳು ದಿನ ಬಿಡದೆ ಕೂಗಿ, ಹತ್ತಿಪ್ಪತ್ತು ದಿನ ತಣ್ಣಗಿದ್ದು, ಮತ್ತೆ ಆರೇಳು ದಿನ ಕೂಗಿದ್ದ. ಸಿಡಿಸಿದ ಜಾಗಗಳೂ ಎರಡೇ: ಮುಂಬಾಗಿಲು ಮತ್ತು ಬಾಲ್ಕನಿ. ಊರಿನ ನೆನಪು ಹೀಗೆ ಲೆಕ್ಕ ಇಟ್ಟು ಬರುವುದಿಲ್ಲ.

ಗಂಟು ಬಿಚ್ಚಿದ್ದು ಮೆಟ್ಟಿಲ ಮೇಲೆ. ಕೆಳಗಿನ ಮನೆಯ ಹಿರಿಯಮ್ಮ ತರಕಾರಿ ಚೀಲ ಇಳಿಸುತ್ತ, "ಟೀಚರ್, ನಿಮ್ಮ ಬೆಕ್ಕಿಗೂ ಹೊಟ್ಟೆನೋವೇ? ನಮ್ಮ ರಾಣಿಯೂ ಎರಡು ಮೂರು ವಾರಕ್ಕೊಮ್ಮೆ ನೆಲದ ಮೇಲೆ ಉರುಳಾಡಿ ರಾತ್ರಿಯೆಲ್ಲ ಅಳುತ್ತಾಳಮ್ಮ" ಎಂದರು. ರಾಣಿಗೆ ಒಂದು ವರ್ಷ. ಹೊರಗೆ ಬಿಟ್ಟವರಲ್ಲ. ಅದು ಹೊಟ್ಟೆನೋವಲ್ಲ, ಬೆದೆ. ಹೆಣ್ಣು ಬೆಕ್ಕು ಬೆದೆಗೆ ಬಂದರೆ ಹೆಚ್ಚುಕಡಿಮೆ ಒಂದು ವಾರ ಇರುತ್ತದೆ. ಗಂಡು ಸೇರದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ. ಮನೆಗೆ ಹೋಗಿ ಡೈರಿಯ ದಿನಗಳನ್ನು ಹಿರಿಯಮ್ಮನ ನೆನಪಿನ ಜೊತೆ ಇಟ್ಟು ನೋಡಿದೆ. ಕೆಂಚನ ಕೂಗಿನ ವಾರಗಳೂ ರಾಣಿಯ ವಾರಗಳೂ ಒಂದೇ. ಮೆಟ್ಟಿಲ ಬಾವಿಯಲ್ಲಿ ಅವಳ ವಾಸನೆ ಮೇಲೇರಿ ನಮ್ಮ ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತಿತ್ತು. ಬಾಯಿ ಅರ್ಧ ತೆರೆದು ನಿಲ್ಲುತ್ತಿದ್ದುದು ಆ ವಾಸನೆಯನ್ನು ಅಂಗುಳಿನ ಮೇಲಿರುವ ವಿಶೇಷ ಅಂಗಕ್ಕೆ ಎಳೆದುಕೊಳ್ಳಲು. ಬಾಲ್ಕನಿಯದು ಬೇರೆ ಕಥೆ. ಕೆಳಗೆ ಕಾಂಪೌಂಡ್ ಗೋಡೆಯ ಮೇಲೆ ಪ್ರತಿ ಸಂಜೆ ಒಂದು ದಪ್ಪ ಕೆನ್ನೆಯ ಕಪ್ಪು ಗಂಡು ಬಂದು ಕೂರುತ್ತಿತ್ತು.

ಆಗ ನನಗೆ ಊರಿನ ದಿನಗಳು ಬೇರೆಯಾಗಿ ಕಂಡವು. ಎಂಟನೇ ತಿಂಗಳಿನಿಂದಲೇ ಕೆಂಚ ಎರಡು ದಿನ, ಮೂರು ದಿನ ಮನೆ ಬಿಟ್ಟು ಹೋಗುತ್ತಿದ್ದ. ತಿರುಗಲು ಹೋಗಿದ್ದಾನೆ ಎನ್ನುತ್ತಿದ್ದೆವು. ಸೌದೆ ಒಟ್ಟಿಲು, ಅಡಿಕೆ ಮರದ ಬುಡ ಎಲ್ಲ ಕಡೆ ಸಿಡಿಸುತ್ತಿದ್ದನೇನೋ, ಮಳೆ ತೊಳೆಯುತ್ತಿತ್ತು. ಮನೆ ಬದಲಾಯಿಸಿದ್ದರಿಂದ ಅವನಲ್ಲಿ ಹೊಸದೇನೂ ಹುಟ್ಟಲಿಲ್ಲ. ಇದ್ದದ್ದನ್ನು ತೋಟ ನುಂಗಿಕೊಂಡಿತ್ತು, ಎರಡು ಕೋಣೆಯ ಮನೆ ನುಂಗಲಾರದೆ ಹೋಯಿತು.

ಹಾಗಾಗಿ ಬೀಜ ತೆಗೆಸುವ ನಿರ್ಧಾರ ಮಾಡಿದೆ. ಅಪ್ಪಯ್ಯ ಪಾಪ ಎಂದರು. "ಕೊಟ್ಟಿಗೆಯ ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದವರು ನಾವೇ ಅಲ್ಲವೇ ಅಪ್ಪಯ್ಯ? ಆಗ ಅರಿವಳಿಕೆಯೂ ಇರಲಿಲ್ಲ" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ನೋವಾಗದ ಹಾಗೆ ನೋಡಿಕೋ" ಎಂದರು. ದಿನ ಗೊತ್ತು ಮಾಡಿಕೊಳ್ಳುವ ಮೊದಲೇ ಒಂದು ಆಘಾತ ಕಾದಿತ್ತು. ಗ್ಯಾಸ್ ಸಿಲಿಂಡರ್ ಒಳಗೆ ಬರುವಾಗ ಕೆಂಚ ಕಾಲ ಸಂದಿಯಲ್ಲಿ ನುಸುಳಿ ಹೋದ. ಎರಡು ರಾತ್ರಿ ಬೀದಿ ಬೀದಿ ಹುಡುಕಿದೆವು. ಅವನಿದ್ದದ್ದು ನಮ್ಮದೇ ಕಟ್ಟಡದ ಸ್ಕೂಟರ್‌ಗಳ ಹಿಂದೆ, ಬೆಳಗಿನ ಜಾವ ಟಾರ್ಚ್ ಬೆಳಕಿಗೆ ಕಣ್ಣು ಹೊಳೆದಾಗ ಕಂಡ. ಕೆನ್ನೆಯ ಮೇಲೆ ಕಪ್ಪು ಗಂಡಿನ ಹಲ್ಲಿನ ಗಾಯ. ಮೇಲೆ ಸಣ್ಣ ತೂತು, ಒಳಗೆ ಮೂರೇ ದಿನದಲ್ಲಿ ನಿಂಬೆಹಣ್ಣಿನಷ್ಟು ಕೀವು. ಬೆಕ್ಕಿನ ಕಡಿತ ಹೀಗೆಯೇ, ಮೇಲಿನ ಚರ್ಮ ಬೇಗ ಮುಚ್ಚಿಕೊಂಡು ಒಳಗೆ ಕೊಳೆಯುತ್ತದೆ. ರೋಗನಿರೋಧಕ ಶಕ್ತಿಯನ್ನೇ ತಿನ್ನುವ ಎಫ್‌ಐವಿ ವೈರಾಣು ಗಂಡುಗಳಿಗೆ ಹರಡುವುದೂ ಹೆಚ್ಚಾಗಿ ಇಂಥ ಕಡಿತದಿಂದಲೇ. ಅವನ ರಕ್ತ ಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಅಂದು ನನಗೆ ಕಣ್ಣೀರು ಬಂತು.

ಗಾಯ ಮಾಗಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಬೆಳಿಗ್ಗೆ ಬಿಟ್ಟವನನ್ನು ಸಂಜೆಗೆ ಕರೆತಂದೆವು. ನೆಕ್ಕದಂತೆ ಕೊರಳಿಗೆ ಹಾಕಿದ್ದ ಪಟ್ಟಿಯನ್ನು ಅವನು ಸಹಿಸಿದ್ದಕ್ಕಿಂತ ನಾನು ಸಹಿಸಿದ್ದು ಕಷ್ಟ. ಮರುದಿನವೇ ಎಲ್ಲ ಶಾಂತವಾಗುತ್ತದೆಂದು ಯಾರೂ ಕಾಯಬೇಡಿ. ರಕ್ತದಲ್ಲಿನ ಹಾರ್ಮೋನು ಬೇಗ ಇಳಿದರೂ ನಡತೆ ಬದಲಾಗಲು ವಾರಗಳು ಬೇಕು. ಕೆಲವು ವಾರ ಮರಿ ಹುಟ್ಟಿಸುವ ಶಕ್ತಿಯೂ ಉಳಿದಿರಬಹುದು. ಆ ದಿನಗಳಲ್ಲಿ ಬಾಲ್ಕನಿ ಗಾಜಿನ ಕೆಳಭಾಗಕ್ಕೆ ಮಂಜು ಕಾಗದ ಅಂಟಿಸಿ ಕಪ್ಪು ಗಂಡು ಕಾಣದಂತೆ ಮಾಡಿದೆ. ಮುಂಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದೆ. ರಾತ್ರಿ ಒಂಬತ್ತಕ್ಕೆ ಹಗ್ಗದ ತುದಿಗೆ ಬಟ್ಟೆ ಕಟ್ಟಿ ದಣಿಯುವಷ್ಟು ಆಡಿಸಿ ಆಮೇಲೆ ಊಟ ಹಾಕಿದೆ. ರಾಣಿಗೂ ಮುಂದಿನ ತಿಂಗಳು ಶಸ್ತ್ರಚಿಕಿತ್ಸೆಯಾಯಿತು, ನಾನೇ ಹಿರಿಯಮ್ಮನ ಜೊತೆ ಹೋಗಿದ್ದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ, ಕುಕ್ಕರಿಸಿ, ತಿಣುಕಿದರೂ ಹನಿ ಮೂತ್ರ ಬಾರದಿದ್ದರೆ ಅದು ಚಡಪಡಿಕೆಯಲ್ಲ. ಮೂತ್ರನಾಳ ಕಟ್ಟಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ವೈದ್ಯರ ಬಳಿ ಓಡಬೇಕು, ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ.

ಬೀಜ ತೆಗೆಸಿದ ಗಂಡುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಿಡಿಸುವುದನ್ನು ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ ಎಂದು ವೈದ್ಯರು ಹೇಳಿದ್ದರು. ಕೆಂಚ ಆರನೇ ವಾರಕ್ಕೆ ಬಿಟ್ಟ. ಹಸಿವು ಮಾತ್ರ ಹೆಚ್ಚಿದೆ, ಊಟವನ್ನು ಅಳೆದು ಹಾಕುತ್ತೇನೆ. ಬಾಲ್ಕನಿಯ ಅದೇ ಚೌಕಟ್ಟಿಗೆ ಈಗ ಬೆಳಿಗ್ಗೆ ಎದ್ದವನೇ ಹೋಗಿ ಕೆನ್ನೆ ಉಜ್ಜುತ್ತಾನೆ. ಮೊದಲ ವಾರ ನಾನು ಬಟ್ಟೆಯಿಂದ ಸವರಿದ್ದ ಎತ್ತರದಲ್ಲೇ ಬಣ್ಣದ ಮೇಲೆ ಕಂದು ಜಿಡ್ಡಿನ ಒಂದು ಗುರುತು ಕೂತಿದೆ. ಅದನ್ನು ನಾನು ಒರೆಸುವುದಿಲ್ಲ.