ಹುಟ್ಟುವಾಗಲೇ ವೈರಾಣು ಸೋಂಕು ಬಂದ ಮಗುವಿನ ಮೂಳೆ ಮತ್ತು ಕೀಲುಗಳ ಪಾಲನೆ: ಕೊಡಗಿನ ಹೆತ್ತವರಿಗೆ ಒಂದು ಕೈಪಿಡಿ

ಗರ್ಭದಲ್ಲಿರುವಾಗಲೇ ತಾಯಿಯಿಂದ ಮಗುವಿಗೆ ದಾಟುವ ವೈರಾಣುಗಳಲ್ಲಿ ಅತಿ ಸಾಮಾನ್ಯವಾದದ್ದು ಸೈಟೋಮೆಗಾಲೋ ವೈರಸ್. ವೈದ್ಯರ ಚೀಟಿಯಲ್ಲಿ ಅದು ಸಿಎಂವಿ ಎಂದಿರುತ್ತದೆ. ರುಬೆಲ್ಲಾ ಇನ್ನೊಂದು. 2015-16ರಲ್ಲಿ ಬ್ರೆಜಿಲ್ ದೇಶವನ್ನು ತಲ್ಲಣಗೊಳಿಸಿದ ಝಿಕಾ ಮತ್ತೊಂದು. ಸಿಎಂವಿ ಸೋಂಕಿನೊಂದಿಗೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಹುಟ್ಟುವಾಗ ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ, ವರದಿಯಲ್ಲಿ ಸೋಂಕಿನ ಹೆಸರು ಕಂಡ ಮಾತ್ರಕ್ಕೆ ಮಗುವಿನ ಕೈಕಾಲಿಗೆ ತೊಂದರೆಯಾಗುತ್ತದೆ ಎಂದು ಭಾವಿಸಬೇಕಾಗಿಲ್ಲ. ಸೋಂಕು ಮಿದುಳನ್ನು ತಾಗಿ, ಮಗುವಿನ ಕೈಕಾಲುಗಳು ಬಿಗಿಯಾಗಿಯೋ ಸಡಿಲವಾಗಿಯೋ ಇದ್ದು, ಕತ್ತು ನಿಲ್ಲುವುದು ಮತ್ತು ಕೂರುವುದು ತಡವಾಗುತ್ತಿರುವ ಮನೆಗಳಿಗಾಗಿ ಈ ಬರಹ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ರುಬೆಲ್ಲಾ ಅಥವಾ ಸಿಎಂವಿ ಇರುವ ಕೆಲವು ನವಜಾತ ಶಿಶುಗಳ ಎಕ್ಸ್-ರೇಯಲ್ಲಿ ಉದ್ದ ಮೂಳೆಗಳ ತುದಿಯ ಬಳಿ ಉದ್ದುದ್ದ ಗೆರೆಗಳು ಕಾಣುವುದುಂಟು. ಅವು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ನಿಜವಾದ ತೊಂದರೆ ಹುಟ್ಟುವುದು ನರಗಳ ಕಡೆಯಿಂದ. ಝಿಕಾ ಸೋಂಕಿನಿಂದ ಕೀಲುಗಳು ಸೆಟೆದುಕೊಂಡೇ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿದ ಬ್ರೆಜಿಲ್‌ನ ವೈದ್ಯರು, ದೋಷವಿರುವುದು ಕೀಲಿನ ರಚನೆಯಲ್ಲಲ್ಲ, ಅದನ್ನು ಆಡಿಸುವ ನರಗಳಲ್ಲಿ ಎಂಬ ತೀರ್ಮಾನಕ್ಕೆ ಬಂದರು. ಸಿಎಂವಿಯಿಂದ ಮಿದುಳಿಗೆ ಪೆಟ್ಟು ಬಿದ್ದ ಮಗುವಿನಲ್ಲೂ ಹೀಗೆಯೇ: ಹುಟ್ಟುವಾಗ ಸರಿಯಾಗಿಯೇ ಇದ್ದ ಸೊಂಟದ ಕೀಲು, ಸ್ನಾಯುಗಳ ಎಡೆಬಿಡದ ಸೆಳೆತಕ್ಕೆ ಸಿಕ್ಕಿ, ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಜಾರುತ್ತದೆ. ಆದ್ದರಿಂದಲೇ ಎಣ್ಣೆ ಹಚ್ಚಿ ಕಾಲನ್ನು ಜೋರಾಗಿ ಎಳೆದರೆ ಇದು ಸರಿಹೋಗುವುದಿಲ್ಲ. ಹದವಾಗಿ ಎಣ್ಣೆ ತಿಕ್ಕಿ ಮೀಯಿಸುವುದರಲ್ಲಿ ತಪ್ಪೇನಿಲ್ಲ. ಮೀಯಿಸುವವರು ಅಜ್ಜಿಯಾಗಿರಲಿ, ಕೂಲಿಗೆ ಬರುವ ಹೆಂಗಸಾಗಿರಲಿ, ಕೈಕಾಲು ಮಡಚಿ ಜಗ್ಗುವುದನ್ನು ಮಾತ್ರ ಈ ಮಗುವಿಗೆ ಮಾಡಬಾರದೆಂದು ಮೊದಲೇ ಹೇಳಿಬಿಡಿ.

ಸೊಂಟದ ಕೀಲನ್ನು ಕಾಯುವ ಬಗೆ

ಜಾರುತ್ತಿರುವ ಸೊಂಟ ಆರಂಭದಲ್ಲಿ ನೋಯುವುದಿಲ್ಲ. ನೋವು ಬಂದ ಮೇಲೆ ತೋರಿಸೋಣ ಎಂದು ಕಾದರೆ ಸುಲಭದ ಚಿಕಿತ್ಸೆಯ ಕಾಲ ಕಳೆದುಹೋಗಿರುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟು ಬಿದ್ದು ಕೈಕಾಲುಗಳ ಹಿಡಿತ ಕೆಟ್ಟ ಸ್ಥಿತಿ, ಇರುವ ಮಕ್ಕಳ ಕುರಿತು ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಶೇ. 35ರಷ್ಟು ಮಕ್ಕಳ ಸೊಂಟ ಜಾರಿತ್ತು. ಚೆನ್ನಾಗಿ ನಡೆಯಬಲ್ಲ ಮಕ್ಕಳಲ್ಲಿ ಒಬ್ಬರಿಗೂ ಹಾಗಾಗಿರಲಿಲ್ಲ, ಕತ್ತು ಮತ್ತು ಬೆನ್ನಿನ ಹಿಡಿತವೇ ಇಲ್ಲದ ಮಕ್ಕಳಲ್ಲಿ ಅದು ಶೇ. 90 ಇತ್ತು. ಅಂದರೆ ಮಗು ಎಷ್ಟು ಕಡಿಮೆ ಓಡಾಡುತ್ತದೆಯೋ ಸೊಂಟದ ಮೇಲೆ ಅಷ್ಟು ಹೆಚ್ಚು ಕಣ್ಣಿಡಬೇಕು.

ಮನೆಯಲ್ಲಿ ನೋಡಬೇಕಾದದ್ದು ಇಷ್ಟು. ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಮೊಣಕಾಲುಗಳನ್ನು ಮಡಚಿ, ಪಾದಗಳನ್ನು ನೆಲಕ್ಕೆ ಊರಿಸಿ, ಪಾದಗಳ ಕಡೆಯಿಂದ ನೋಡಿ: ಒಂದು ಮೊಣಕಾಲು ಇನ್ನೊಂದಕ್ಕಿಂತ ತಗ್ಗಿದ್ದರೆ ಆ ಬದಿಯ ಸೊಂಟವನ್ನು ಬೇಗ ತೋರಿಸಬೇಕು. ಲಂಗೋಟಿ ಬದಲಿಸುವಾಗ ತೊಡೆಗಳು ಮೊದಲಿನಷ್ಟು ಅಗಲಿಸದಿರುವುದು, ಎತ್ತಿ ನಿಲ್ಲಿಸಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುವುದು ಕೂಡ ಇದೇ ಸೂಚನೆ. ಆದರೆ ಎರಡೂ ಬದಿ ಸಮನಾಗಿ ಜಾರಿದರೆ ಮೊಣಕಾಲುಗಳ ಎತ್ತರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲವಾದ್ದರಿಂದ, ಮನೆಯ ಪರೀಕ್ಷೆಯನ್ನು ನಂಬಿ ಎಕ್ಸ್-ರೇ ತಪ್ಪಿಸುವಂತಿಲ್ಲ.

ತಾನಾಗಿ ನಡೆಯದ ಮಗುವಿಗೆ ಒಂದರಿಂದ ಎರಡು ವರ್ಷದೊಳಗೆ ಸೊಂಟದ ಮೊದಲ ಎಕ್ಸ್-ರೇ ಆಗಬೇಕು. ಬಳಿಕ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ವೈದ್ಯರು ಹೇಳಿದಂತೆ. ತೊಡೆಮೂಳೆಯ ತಲೆ ತನ್ನ ಬಟ್ಟಲಿನಿಂದ ಶೇಕಡಾ ಎಷ್ಟು ಹೊರಗೆ ಬಂದಿದೆ ಎಂಬುದನ್ನು ಇದರಲ್ಲಿ ಅಳೆಯುತ್ತಾರೆ. ಅದು 30 ದಾಟಿದರೆ ಮಕ್ಕಳ ಮೂಳೆತಜ್ಞರ ಬಳಿ ಹೋಗಲೇಬೇಕು. 40 ದಾಟಿದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎಕ್ಸ್-ರೇ ತೆಗೆಯುವಾಗ ಮಗು ಅಂಗಾತ ಮಲಗಿ, ಮೊಣಕಾಲ ಚಿಪ್ಪುಗಳು ನೇರ ಮೇಲ್ಮುಖವಾಗಿ, ಸೊಂಟ ಒಂದು ಬದಿಗೆ ವಾಲದೆ ಇರಬೇಕು, ಇಲ್ಲವಾದರೆ ಅಳತೆ ತಪ್ಪುತ್ತದೆ. ಬಿಗಿತವಿರುವ ಮಗುವನ್ನು ಹೀಗೆ ಹಿಡಿಯಲು ಮನೆಯವರೊಬ್ಬರು ಸೀಸದ ಅಂಗಿ ತೊಟ್ಟು ಒಳಗೆ ನಿಲ್ಲಬೇಕಾಗಬಹುದು, ಬಸುರಿಯರು ನಿಲ್ಲಬಾರದು. ಫಿಲಂಗಳನ್ನು ಒಂದನ್ನೂ ಬಿಸಾಡಬೇಡಿ. ಹಿಂದಿನ ವರ್ಷದ ಚಿತ್ರದ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಈ ವರ್ಷದ ಚಿತ್ರಕ್ಕೆ ಅರ್ಥ.

ದಿನವಿಡೀ ಮಗು ಯಾವ ಭಂಗಿಯಲ್ಲಿರುತ್ತದೆ ಎಂಬುದು ಅರ್ಧ ಗಂಟೆಯ ವ್ಯಾಯಾಮಕ್ಕಿಂತ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ನಮ್ಮವರು ಮಗುವನ್ನು ಸೊಂಟದ ಮೇಲೆ, ಕಾಲು ಎರಡೂ ಕಡೆ ಇಳಿಬಿಟ್ಟು ಎತ್ತಿಕೊಳ್ಳುವ ಪದ್ಧತಿ ಒಳ್ಳೆಯದು, ಏಕೆಂದರೆ ಆಗ ತೊಡೆಗಳು ಅಗಲವಾಗಿರುತ್ತವೆ. ಕಾಲು ನೇರವಾಗಲೆಂದು ಬಟ್ಟೆಯಲ್ಲಿ ಬಿಗಿದು ಸುತ್ತುವುದು ಇದಕ್ಕೆ ತದ್ವಿರುದ್ಧ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಲೈನ್ ಮನೆಗಳಲ್ಲಿ ಮಗುವನ್ನು ಸೀರೆಯ ಜೋಲಿಯಲ್ಲಿ ಗಂಟೆಗಟ್ಟಲೆ ಮಲಗಿಸುವುದು ಅನಿವಾರ್ಯವೆಂಬುದು ಗೊತ್ತಿರುವುದೇ; ಆದರೆ ಜೋಲಿಯಲ್ಲಿ ಬೆನ್ನು ಬಾಗಿ ಮೊಣಕಾಲುಗಳು ಒಂದಕ್ಕೊಂದು ಒತ್ತಿಕೊಳ್ಳುವುದರಿಂದ, ನಿದ್ದೆ ಹತ್ತಿದ ಮೇಲೆ ಚಾಪೆಗೆ ಬದಲಿಸುವುದು ಮೇಲು. ಫಿಸಿಯೋಥೆರಪಿಸ್ಟ್ ಕೊಟ್ಟ ಅಳತೆ ಇದ್ದರೆ, ಬೆನ್ನಿಗೆ ಮೂಲೆಯ ಆಸರೆ, ತೊಡೆಗಳ ನಡುವೆ ಒಂದು ಮರದ ಗೂಟ ಇರುವ ಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಗೂಟಕ್ಕೆ ಬಟ್ಟೆ ಸುತ್ತಿಸಿ.

ಸ್ನಾಯು ಹಿಗ್ಗಿಸುವ ವ್ಯಾಯಾಮವನ್ನು ಪುಸ್ತಕ ನೋಡಿ ಕಲಿಯದೆ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ ಕಲಿಯಿರಿ. ನಿಧಾನವಾಗಿ ಹಿಗ್ಗಿಸಿ, ಬಿಗಿ ತಗುಲಿದಲ್ಲಿ ನಿಲ್ಲಿಸಿ, ಅಲ್ಲಿಯೇ ಸುಮಾರು ಅರ್ಧ ನಿಮಿಷ ಹಿಡಿದು ಬಿಡುವುದು ಸಾಮಾನ್ಯ ಕ್ರಮ.

ಸೊಟ್ಟಪಾದ ಮತ್ತು ಮಳೆಗಾಲ

ಪಾದ ಒಳಕ್ಕೆ ತಿರುಗಿ ಹುಟ್ಟಿದರೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕಿ ಹಂತಹಂತವಾಗಿ ತಿದ್ದುತ್ತಾರೆ; ನರದ ಕಾರಣದ ಸೊಟ್ಟಪಾದಕ್ಕೆ ಪ್ಲಾಸ್ಟರ್‌ಗಳ ಸಂಖ್ಯೆ ಹೆಚ್ಚು, ಮತ್ತೆ ತಿರುಗುವ ಸಂಭವವೂ ಹೆಚ್ಚು. ನೇರವಾದ ಬಳಿಕ ತೊಡಿಸುವ ಪಟ್ಟಿಯ ಬೂಟನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕೈದು ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ನಮ್ಮಲ್ಲಿ ಪ್ಲಾಸ್ಟರ್ ಒಣಗಿಸುವುದೇ ಕಷ್ಟ. ಹಾಗೆಂದು ಒಲೆಯ ಬಳಿ ಹಿಡಿಯಬಾರದು. ಪ್ಲಾಸ್ಟರ್ ಒಳಗೆ ಕಾಯುತ್ತದೆ, ಮಗುವಿನ ಚರ್ಮ ಸುಡುತ್ತದೆ. ಒದ್ದೆಯಾಗಿ ಮೆತ್ತಗಾದರೆ ಬದಲಿಸಲು ಆಸ್ಪತ್ರೆಗೇ ಹೋಗಿ. ಬೆರಳ ತುದಿಗಳನ್ನು ದಿನಕ್ಕೆ ಹಲವು ಬಾರಿ ನೋಡುತ್ತಿರಿ: ಒತ್ತಿ ಬಿಟ್ಟಾಗ ಬಣ್ಣ ಕೂಡಲೇ ಮರಳಬೇಕು. ನೀಲಿಗಟ್ಟಿದರೆ, ತಣ್ಣಗಾದರೆ, ಊದಿದರೆ ಅಥವಾ ಪ್ಲಾಸ್ಟರ್ ಒಳಕ್ಕೆ ಸರಿದು ಬೆರಳುಗಳು ಮರೆಯಾದರೆ ಅದೇ ದಿನ ತೆಗೆಸಬೇಕು.

ಮಳೆಗಾಲದ ಇನ್ನೊಂದು ತೊಂದರೆ ಬಿಸಿಲಿಲ್ಲದಿರುವುದು. ಓಡಾಡದ ಮಗುವಿನ ಮೂಳೆ ಮೊದಲೇ ತೆಳು. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂತಹ ಔಷಧಗಳು ದೇಹದ ವಿಟಮಿನ್ ಡಿಯನ್ನು ಇನ್ನಷ್ಟು ಇಳಿಸುತ್ತವೆ. ಶಿಶುವಿಗೆ ದಿನಕ್ಕೆ 400 ಯೂನಿಟ್, ವರ್ಷ ದಾಟಿದ ಮೇಲೆ 600 ಯೂನಿಟ್ ಎಂಬುದು ಎಲ್ಲ ಮಕ್ಕಳಿಗೂ ಹೇಳುವ ಅಳತೆ; ಈ ಔಷಧಗಳಲ್ಲಿರುವ ಮಗುವಿಗೆ ಹೆಚ್ಚು ಬೇಕಾಗಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿ ವೈದ್ಯರೇ ನಿಗದಿ ಮಾಡಲಿ. ಅಪಸ್ಮಾರದ ಔಷಧವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ರಾಗಿ ಗಂಜಿ, ಹಾಲು, ಎಳ್ಳು, ನುಂಗಲು ಬಂದರೆ ಚೆನ್ನಾಗಿ ಅರೆದ ಸಣ್ಣ ಮೀನು ಕ್ಯಾಲ್ಸಿಯಂ ಒದಗಿಸುತ್ತವೆ.

ಎಲ್ಲಿಗೆ ಹೋಗಬೇಕು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿಟ್ಟರೆ ಮಗುವಿನ ಹೆಸರು ಬರೆದುಕೊಂಡು ಮುಂದಿನ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಸಿಎಂವಿ, ರುಬೆಲ್ಲಾ ಎರಡೂ ಸೋಂಕುಗಳು ಕಿವಿಯನ್ನು ಕೆಡಿಸಬಲ್ಲವಾದ್ದರಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೇಗೂ ಹೋಗಬೇಕಾಗುತ್ತದೆ. ಕುಟ್ಟ, ಪೊನ್ನಂಪೇಟೆಯಂತಹ ಕಡೆಯಿಂದ ಹೊರಡುವವರು ಮೂಳೆತಜ್ಞರ ಭೇಟಿಯನ್ನೂ ಅದೇ ಪ್ರಯಾಣಕ್ಕೆ ಹೊಂದಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಅಂಗವಿಕಲರ ಯುಡಿಐಡಿ ಕಾರ್ಡ್ ಬೇಗ ಮಾಡಿಸಿ. ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವೆಂದು ದಾಖಲಾದ ಮಗುವಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ₹1 ಲಕ್ಷದವರೆಗಿನ ನೆರವಿದೆ, ಫಿಸಿಯೋಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಮಾತು ಬಾರದ ಮಗು ಲಂಗೋಟಿ ಬದಲಿಸುವಾಗ ಇದ್ದಕ್ಕಿದ್ದಂತೆ ಚೀರಿದರೆ, ಒಂದು ಕಾಲನ್ನು ಆಡಿಸುವುದನ್ನೇ ಬಿಟ್ಟರೆ, ತೊಡೆ ಊದಿದ್ದರೆ, ಬಿದ್ದ ನೆನಪು ಯಾರಿಗೂ ಇಲ್ಲದಿದ್ದರೂ ಅದು ಮೂಳೆ ಮುರಿತವೇ ಇರಬಹುದು. ಜೊತೆಗೆ ಜ್ವರವೂ ಇದ್ದರೆ ಕೀಲಿನೊಳಗೆ ಕೀವು ತುಂಬಿರಬಹುದು. ನಾಟಿ ಪಟ್ಟು ಕಟ್ಟಿಸಲು ಹೋಗದೆ, ಕಾಲನ್ನು ಇದ್ದಂತೆಯೇ ದಿಂಬಿನ ಆಸರೆಯಲ್ಲಿ ಇರಿಸಿ, 108ಕ್ಕೆ ಕರೆ ಮಾಡಿ.